ಯಾರೂ ಒಯ್ಯದ ಕೋಟು

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ ನನ್ನದಲ್ಲ. ಆಸ್ಪತ್ರೆಯಲ್ಲಿ ಸಿಗರೇಟು ಬಿಡಿಸುವ ವಿಭಾಗದವರು ಇವರಿಗೆ ಕೊಟ್ಟದ್ದು. ಸೇದಬೇಕು ಅನ್ನಿಸಿದಾಗಲೆಲ್ಲ ಇದರಲ್ಲಿ ಒಂದು ಸಾಲು ಬರೆಯಬೇಕಂತೆ. ನಮ್ಮ ಮಹಾರಾಯರು ಮೊದಲ ಪುಟದಲ್ಲಿ ತಾರೀಖು ಹಾಕಿದರು, ಅದರ ಮೇಲೆ ಚಹಾ ಲೋಟ ಇಟ್ಟರು, ಲೋಟದ ಪಕ್ಕ ಬೂದಿ ಉದುರಿಸಿದರು. ಆ ಹಾಳೆ ಹರಿದೆಸೆದು ನಾನು ಬರೆಯುತ್ತಿದ್ದೇನೆ. ಒಳ್ಳೆಯ ಕಾಗದ, ದಂಡವಾಗುವುದು ಬೇಡ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ನನ್ನ ಹೊಟ್ಟೆಯೂ ಒಡೆದುಹೋಗುತ್ತದೆ.

ಕಾಲಿನ ಡಾಕ್ಟರಮ್ಮ ಇವತ್ತು ಕಡ್ಡಿ ಮುರಿದಂತೆ ಹೇಳಿದರು.

“ಈ ಕಾಯಿಲೆ ಬಂದಿರೋದೇ ತಂಬಾಕಿನಿಂದ. ಕಾಲಿನ ರಕ್ತನಾಳಗಳು ಒಂದೊಂದಾಗಿ ಮುಚ್ಚಿಕೊಳ್ತಾ ಇವೆ. ಪೂರ್ತಿ ಬಿಟ್ರೆ ಒಂದು ಬೆರಳು ಹೋಗಬಹುದು, ಕಾಲು ಉಳಿಯುತ್ತೆ. ದಿನಕ್ಕೆ ಒಂದೇ ಒಂದು ಸೇದಿದ್ರೂ ಕಾಲು ಹೋಗುತ್ತೆ. ನಿಕೋಟಿನ್ ಇರೋ ಚೂಯಿಂಗ್ ಗಮ್ಮೂ ಬೇಡ. ಮಾತ್ರೆ ಬರೆದುಕೊಡ್ತೀನಿ.”

ಇವರು ಕೇಳಿದ ಮೊದಲ ಪ್ರಶ್ನೆ: “ಅರ್ಧ ಸೇದಿದ್ರೆ?”

ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಎಡಗಾಲಿನ ಕಿರುಬೆರಳು ಕಪ್ಪು ಒಣದ್ರಾಕ್ಷಿಯ ಹಾಗೆ ಮುರುಟಿದೆ. ಬುಡದಲ್ಲಿ ಹಸಿ. ಹೂದಾನಿಯಲ್ಲಿ ವಾರಗಟ್ಟಲೆ ಬಿಟ್ಟ ನೀರಿನ ವಾಸನೆ. ಹೊರಗೆ ಹೋಗಿ ನಿಂತೆ. ಇವರ ವಯಸ್ಸು ನಲವತ್ತಾರು, ಸೇದಲು ಶುರುಮಾಡಿ ಇಪ್ಪತ್ತೊಂಬತ್ತು ವರ್ಷ. ನಮ್ಮ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ದಿನಕ್ಕೆ ಎಂಟು ತಾಸು ನಿಂತು ಇಸ್ತ್ರಿ ಹಾಕುವ ಮನುಷ್ಯ. ನಿಲ್ಲಲು ಕಾಲೇ ಇಲ್ಲದಿದ್ದರೆ ಏನು ಮಾಡುತ್ತಾರೆ? ಕೇಳಿದೆ. “ಬಿಡ್ತೀನಿ ಕಣೇ,” ಅಂದರು. ಈ ಮಾತು ನಮ್ಮ ಮದುವೆಗಿಂತ ಹಳೆಯದು.

ಮಾರ್ಚ್ 4, ಮಂಗಳವಾರ

ಇವರ ಕೋಣೆ ತೊಳೆದೆ. ನಾನು ಆ ಕೋಣೆ ಬಿಟ್ಟು ಹನ್ನೊಂದು ವರ್ಷವಾಯಿತು. ಒಂದು ಬೆಳಗ್ಗೆ ನನ್ನ ದಿಂಬಿನಲ್ಲಿ ಇವರ ಉಗುಳಿನ ಹಳದಿ ಕಲೆ ಕಂಡು ಮಗಳ ಕೋಣೆಗೆ ಹೋದವಳು ವಾಪಸ್ ಬರಲಿಲ್ಲ. ಜಗಳವೇನೂ ಆಗಿರಲಿಲ್ಲ. ಇವರೂ ಕರೆಯಲಿಲ್ಲ.

ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದರೆ ಹಿಂದೆ ಬೆಳ್ಳನೆ ಚೌಕ. ಉಳಿದ ಗೋಡೆಯೆಲ್ಲ ಹಳೆಯ ಹಲ್ಲಿನ ಬಣ್ಣ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಂದು ನೀರು ಮೊಣಕೈವರೆಗೆ ಇಳಿಯಿತು. ಬಲ್ಬಿಗೆ ಜಿಗುಟು, ಸ್ವಿಚ್ಚಿಗೆ ಜಿಗುಟು, ಫ್ಯಾನಿನ ರೆಕ್ಕೆಗೆ ಅಂಟಿಕೊಂಡ ಕಪ್ಪು ನಾರು. ಗೋಡೆಯೇ ಹೀಗಾದರೆ ಆ ಎದೆಗೂಡಿನ ಒಳಗೆ ಏನಿರಬೇಡ! ಮಂಚದ ಕೆಳಗೆ ಒಂದು ಜಾಮ್ ಬಾಟಲಿ. ಅರ್ಧ ನೀರು, ಅದರ ತುಂಬ ಸಿಗರೇಟು ತುಂಡುಗಳು, ಮೇಲೆ ಕಫ ತೇಲುತ್ತಿತ್ತು. ಎರಡು ಸಲ ವಾಂತಿ ಮಾಡಿದೆ. ಮೂರನೆಯ ಸಲ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

ಮಾರ್ಚ್ 6, ಗುರುವಾರ

ಇನ್ನು ಮೇಲೆ ದಿನಕ್ಕೆ ಎರಡು ಸಲ ತಪಾಸಣೆ. ಅಂಗಡಿ ತೆರೆಯುವ ಮೊದಲು ಒಮ್ಮೆ, ಬಾಗಿಲು ಹಾಕುವಾಗ ಒಮ್ಮೆ. ತಲೆಗೂದಲು, ಕಾಲರ್, ಎರಡೂ ಅಂಗೈ.

ನನ್ನ ಮೂಗಿನ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಅದು ನನ್ನ ಕಸುಬು. ಬಟ್ಟೆಯ ಕಲೆ ತೆಗೆಯುವವಳಿಗೆ ಮೂಗು ಕಣ್ಣಿಗಿಂತ ಮುಖ್ಯ. ಹಾಲೋ ಮೊಟ್ಟೆಯೋ, ವೈನೋ ರಕ್ತವೋ, ಮೂಸಿಯೇ ಗೊತ್ತುಮಾಡಬೇಕು. ಬ್ಯಾಂಕ್ ಮ್ಯಾನೇಜರರ ಕೋಟು ಮೂಸಿ ಅವರು ಹೆಂಡತಿಗೆ ಗೊತ್ತಿಲ್ಲದೆ ಸೇದುವುದನ್ನು ಕಂಡುಹಿಡಿದವಳು ನಾನು. ಹೇಳಲಿಲ್ಲ, ಅದು ಬೇರೆ ಮಾತು. ಗಿರಾಕಿಯ ಗುಟ್ಟು ಗಿರಾಕಿಗೆ.

ಇವರು ಶಾಲೆಯ ಹುಡುಗನ ಹಾಗೆ ಅಂಗೈ ಚಾಚಿ ನಿಂತರು. ಬೆರಳ ಸಂದಿಯಲ್ಲಿ ಹಳದಿ. ಹಳೆಯ ಹೊಗೆ, ಹೊಸದಿಲ್ಲ. ಮೂಸುವಾಗ ನನ್ನ ಮುಖ ಹೇಗಿತ್ತೋ, “ಸತ್ತ ಇಲಿ ಹಿಡ್ಕೊಂಡ ಹಾಗೆ ಹಿಡೀಬೇಡ ನನ್ನ ಕೈ,” ಅಂದರು.

ಮಾರ್ಚ್ 12, ಬುಧವಾರ

ಬಿಟ್ಟು ಒಂಬತ್ತು ದಿನ. ಮಾತಾಡಿಸಿದರೆ ಉರಿದು ಬೀಳುತ್ತಾರೆ. ಒಂದು ಅಂಗಿಯ ಕಾಲರ್ ಸುಟ್ಟರು. ಊಟ ರುಚಿಯಿಲ್ಲ ಅಂತ ತಟ್ಟೆ ತಳ್ಳಿದರು. ಆಹಾ, ಇಷ್ಟು ವರ್ಷ ಇವರಿಗೆ ರುಚಿ ಗೊತ್ತಿತ್ತು ಅನ್ನುವ ಹಾಗೆ.

ತಪಾಸಣೆ: ಏನೂ ಇಲ್ಲ.

ಮಾರ್ಚ್ 17, ಸೋಮವಾರ

ಇವತ್ತು ಅಂಗೈ ಚಾಚುತ್ತಾ, “ಬನ್ನಿ, ವಿಮಾನ ನಿಲ್ದಾಣದ ಪೊಲೀಸ್ ನಾಯಿಯವರೇ, ಪರೀಕ್ಷೆ ಮಾಡಿ,” ಅಂದರು. ನಗು ಬಂತು. ನಗಲಿಲ್ಲ.

ತಲೆಗೂದಲಲ್ಲಿ ಬರೀ ಸೋಪು ಮತ್ತು ಉಗಿಯ ವಾಸನೆ. ಕಿವಿಯ ಹಿಂದೆ ಬಿಳಿ ಕೂದಲು ಎಷ್ಟಾಗಿದೆ, ನೋಡಿಯೇ ಇರಲಿಲ್ಲ. ಬಲಗೈಯ ಹೆಬ್ಬೆರಳ ಬುಡದಲ್ಲಿ ಒಂದು ಸುಟ್ಟ ಗಾಯದ ಗುರುತಿದೆ. ಯಾವಾಗಿನದು ಅಂತ ಕೇಳಿದೆ. ಮಗಳಿಗೆ ಮೂರು ವರ್ಷವಿದ್ದಾಗ ಅವಳು ಇಸ್ತ್ರಿಗೆ ಕೈ ಹಾಕಿದಳಂತೆ, ತಡೆಯಲು ಹೋಗಿ ಆದದ್ದಂತೆ. ನನಗೆ ಗೊತ್ತೇ ಇರಲಿಲ್ಲ. ಇಸ್ತ್ರಿ ಮೇಜಿನ ಕೆಳಗೆ ಕಾಲಿಡಲು ಒಂದು ಸ್ಟೂಲ್ ಹಾಕಿಕೊಟ್ಟೆ.

ಪಟ್ಟಿ ಬದಲಾಯಿಸುವುದು ಮಾತ್ರ ನನ್ನಿಂದಾಗದು. ನರ್ಸ್ ದಿನ ಬಿಟ್ಟು ದಿನ ಮನೆಗೆ ಬರುತ್ತಾಳೆ. ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತೇನೆ.

ಮಾರ್ಚ್ 23, ಭಾನುವಾರ

ಹಾಸ್ಟೆಲಿನಿಂದ ಮಗಳು ಬಂದಿದ್ದಳು. ತಪಾಸಣೆ ನೋಡಿ ಬಿದ್ದು ಬಿದ್ದು ನಕ್ಕಳು.

“ಅಮ್ಮಾ, ನೀವಿಬ್ರೂ ಇಷ್ಟು ಹತ್ತಿರ ನಿಂತಿದ್ದನ್ನ ನಾನು ನೋಡೇ ಇಲ್ಲ.”

“ಕಳ್ಳನ ಜೇಬು ಹುಡುಕೋಕೆ ಹತ್ತಿರ ನಿಲ್ಲಲೇಬೇಕಲ್ಲ,” ಅಂದೆ.

ಇವರು ಹಿಂದಿನ ಕೋಣೆಗೆ ಹೋದರು. ಈಚೆಗೆ ಮಾತು ಕಡಿಮೆ. ಏನು ಕೇಳಿದರೂ ತಲೆಯಾಡಿಸುತ್ತಾರೆ, ಇಲ್ಲವೇ ಆ ಕಡೆ ತಿರುಗಿಕೊಂಡು ಉತ್ತರ ಕೊಡುತ್ತಾರೆ. ಚಟ ಬಿಡುವವರು ಹೀಗೆ ಮುನಿಸಿಕೊಂಡಿರುತ್ತಾರೆ ಅಂತ ಆಸ್ಪತ್ರೆಯವರು ಮೊದಲೇ ಹೇಳಿದ್ದರು.

ಮಾರ್ಚ್ 31, ಸೋಮವಾರ

ಪಕ್ಕದ ಬೆರಳೂ ನೀಲಿಯಾಗಿದೆ. ಯಾಕೆ? ಇಪ್ಪತ್ತೆಂಟು ದಿನವಾಯಿತಲ್ಲ! ನರ್ಸ್ ಇವತ್ತು ಬರಲಿಲ್ಲ, ಮಗುವಿಗೆ ಜ್ವರವಂತೆ. ನಾನೇ ಪಟ್ಟಿ ಬಿಚ್ಚಬೇಕಾಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಗಾಜ್ ಬಟ್ಟೆ ಮಾಂಸಕ್ಕೆ ಅಂಟಿತ್ತು, ಉಪ್ಪುನೀರು ಹನಿಸಿ ಹನಿಸಿ ಬಿಡಿಸಿದೆ. ಹಳದಿ, ಹಸಿರು, ಮತ್ತೆ ಹೆಸರಿಲ್ಲದ ಒಂದು ಬಣ್ಣ. ಇವರು ದಿಂಬು ಕಚ್ಚಿಕೊಂಡಿದ್ದರು. ಕಾಲು ಐಸಿನ ಹಾಗೆ ತಣ್ಣಗಿತ್ತು. ಮುಗಿದ ಮೇಲೆ ಕೈಯನ್ನು ಐದು ಸಲ ತೊಳೆದೆ, ಆಮೇಲೂ ಅನ್ನ ತಿನ್ನಲಾಗಲಿಲ್ಲ.

ಔಷಧಿ ಸರಿಯಿಲ್ಲವೇನೋ. ಡಾಕ್ಟರಮ್ಮನನ್ನು ಕೇಳಬೇಕು.

ಏಪ್ರಿಲ್ 9, ಬುಧವಾರ

ಮಾನ ಹೋಯಿತು.

ಡಾಕ್ಟರಮ್ಮ ಮೂತ್ರ ಪರೀಕ್ಷೆಯ ಚೀಟಿ ಮೇಜಿನ ಮೇಲಿಟ್ಟು, “ಇವರು ಸೇದ್ತಾ ಇದ್ದಾರೆ,” ಅಂದರು.

“ಸಾಧ್ಯವೇ ಇಲ್ಲ. ದಿನಕ್ಕೆ ಎರಡು ಸಲ ಮೂಸ್ತೀನಿ ನಾನು. ನಿಮ್ಮ ಯಂತ್ರ ಕೆಟ್ಟಿರಬೇಕು.”

“ಯಂತ್ರ ಮೂಸಲ್ಲ ಅಮ್ಮ. ರಕ್ತಕ್ಕೆ ಸೇರಿದ್ದನ್ನ ಹೇಳುತ್ತೆ.”

ನಾನು ದನಿಯೇರಿಸಿದೆ. ಇಪ್ಪತ್ತು ವರ್ಷ ಮೂಗಿನಲ್ಲೇ ಅನ್ನ ಸಂಪಾದಿಸಿದ್ದೇನೆ ಅಂದೆ. ಹೊರಗೆ ಕೂತಿದ್ದ ರೋಗಿಗಳೆಲ್ಲ ಬಗ್ಗಿ ನೋಡಿದರು. ಇವರು ಗೋಡೆಯ ಮೇಲಿನ ಹೃದಯದ ಚಿತ್ರವನ್ನು ನೋಡುತ್ತಾ ಕೂತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲಾದರೂ ಮುಟ್ಟಿಕೊಳ್ಳುತ್ತಾರೆ. ಈ ಮನುಷ್ಯ ಅದನ್ನೂ ಮಾಡಲಿಲ್ಲ.

ಏಪ್ರಿಲ್ 10, ಗುರುವಾರ

ಸಿಕ್ಕಿತು. ಎಲ್ಲ ಬರೆಯುತ್ತೇನೆ. ಬರೆಯದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಅಂಗಡಿಯ ಹಿಂದೆ ಒಂದು ಕಂಬಿ ಇದೆ, ಗಿರಾಕಿಗಳು ಕೊಟ್ಟು ಮರೆತ ಬಟ್ಟೆಗಳದ್ದು. ಅಲ್ಲಿ ಮೂರು ವರ್ಷದಿಂದ ಒಂದು ಬೂದು ಬಣ್ಣದ ಉದ್ದ ಕೋಟು ತೂಗುತ್ತಿದೆ. ಇವತ್ತು ಆ ಕಂಬಿಯ ಧೂಳು ಹೊಡೆಯಲು ಹೋದೆ. ಎಲ್ಲ ಬಟ್ಟೆಯ ಭುಜದ ಮೇಲೆ ಧೂಳು, ಆ ಕೋಟಿನ ಮೇಲೆ ಮಾತ್ರ ಇಲ್ಲ. ಮೂಸಿದೆ. ಯಂತ್ರದಿಂದ ಆಗಷ್ಟೇ ತೆಗೆದ ಹಾಗೆ ಶುದ್ಧ. ಕಾಲರಿನ ಜೂಲು ಉದುರಿ ನೂಲು ಕಾಣುತ್ತಿತ್ತು. ಅಷ್ಟು ಸಲ ತೊಳೆದಿದ್ದಾರೆ. ಯಾರೂ ಒಯ್ಯದ ಕೋಟನ್ನು ಯಾರಿಗೋಸ್ಕರ?

ಜೇಬಿಗೆ ಕೈ ಹಾಕಿದೆ. ನಮ್ಮ ಅಂಗಡಿಯ ಗುರುತಿನ ಚೀಟಿಗಳು. ನಂಬರು, ತಾರೀಖು, ಇವರ ದುಂಡು ಅಕ್ಷರ. ಚೀಟಿ ಇಲ್ಲದೆ ಒಂದು ಕರವಸ್ತ್ರವೂ ಯಂತ್ರದೊಳಗೆ ಹೋಗಕೂಡದು ಅನ್ನುವುದು ಇವರೇ ಮಾಡಿದ ನಿಯಮ. ಮಾರ್ಚ್ ಏಳರಿಂದ ನಿನ್ನೆಯವರೆಗೆ ದಿನಕ್ಕೊಂದು ಚೀಟಿ, ಭಾನುವಾರ ಬಿಟ್ಟು. ಹೆಂಡತಿಯ ಕಣ್ಣಿಗೆ ಮಣ್ಣೆರಚಿದ ಮನುಷ್ಯ ಯಂತ್ರಕ್ಕೆ ಮೋಸ ಮಾಡಿಲ್ಲ!

ಮೂರು ಗಂಟೆಗೆ ನಾನು ಬಟ್ಟೆ ಕೊಟ್ಟುಬರಲು ಹೋಗುತ್ತೇನಲ್ಲ, ಅದೇ ಹೊತ್ತು. ಕೋಟು ಮೈಗೆ, ನನ್ನ ಕಲೆ ತೆಗೆಯುವ ರಬ್ಬರ್ ಗ್ಲೌಸು ಕೈಗೆ, ತಲೆಗೆ ಪ್ಲಾಸ್ಟಿಕ್ ಚೀಲ. ಬಾಯ್ಲರ್ ಹಿಂದೆ ನಿಂತು ಒಂದಲ್ಲ, ಮೂರು; ಚೀಲ, ತುಂಡುಗಳು ಎಲ್ಲ ಅಲ್ಲೇ ಸಿಕ್ಕವು. ಪಕ್ಕದಲ್ಲೇ ಕಲೆ ತೆಗೆಯುವ ದ್ರವದ ಡಬ್ಬಗಳು, ಒಂದು ಕಿಡಿ ಸಾಕು. ಆಮೇಲೆ ಕೋಟು ಯಂತ್ರಕ್ಕೆ. ನಾನು ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರಿದ್ದಾರೆ. ತಲೆಗೆ ಚೀಲ ಕಟ್ಟಿಕೊಂಡು, ಕೊಳೆಯುತ್ತಿರುವ ಕಾಲು ಎಳೆದುಕೊಂಡು, ಯಾರದೋ ಕೋಟಿನೊಳಗೆ ಅವಿತು ಹೊಗೆ ಹೀರುವ ಗಂಡಸು. ಛೀ! ಇಂಥವನ ಕೈಯನ್ನು ನಾನು ಹಿಡಿದುಕೊಂಡಿದ್ದೆ.

ಕೋಟನ್ನು ಇಸ್ತ್ರಿ ಮೇಜಿನ ಮೇಲೆ ಎಸೆದೆ. ಇವರು ಇಸ್ತ್ರಿ ಕೆಳಗಿಟ್ಟರು.

“ಮೈ ಸರಿ, ಕೈ ಸರಿ, ತಲೆ ಸರಿ. ಬಾಯಿ? ಬಾಯಿ ಏನ್ ಮಾಡಿದ್ರಿ?”

“ಏನೂ ಮಾಡಿಲ್ಲ.”

“ಸುಳ್ಳು.”

“ಏನೂ ಮಾಡ್ಬೇಕಾಗಿರ್ಲಿಲ್ಲ ಕಣೇ. ನೀನು ನನ್ನ ಬಾಯಿ ಹತ್ರ ಬಂದು ಹನ್ನೊಂದು ವರ್ಷ ಆಯ್ತಲ್ಲ.”

ಕೆನ್ನೆಗೆ ಹೊಡೆದ ಹಾಗಾಯಿತು. ಗಿರಾಕಿ ಬಂದು ಗಂಟೆ ಬಾರಿಸಿದ. ಹೋಗಿ ಅವನ ಪ್ಯಾಂಟು ಕೊಟ್ಟೆ.

ಏಪ್ರಿಲ್ 11, ಶುಕ್ರವಾರ

ತಪಾಸಣೆ ಮಾಡಲಿಲ್ಲ.

ಏಪ್ರಿಲ್ 14, ಸೋಮವಾರ

ಬೆಳಗ್ಗೆ ಎದುರಿಗೆ ನಿಂತು, “ಬಾಯಿ ತೆಗೀರಿ,” ಅಂದೆ.

ಇವರು ಗಾಬರಿಯಾಗಿ ನೋಡಿದರು. ತೆಗೆದರು. ನಾನು ಉಸಿರು ಬಿಗಿಹಿಡಿದುಕೊಂಡೇ ಹತ್ತಿರ ಹೋದೆ, ಆಮೇಲೆ ನೆನಪಾಯಿತು, ಮೂಸಬೇಕಾದರೆ ಉಸಿರೆಳೆಯಬೇಕು. ಎಳೆದೆ. ದೇವರೇ! ಹಲ್ಲುಗಳ ಹಿಂದೆ ಕಂದು ಪಾಚಿ, ನಾಲಿಗೆಯ ಮೇಲೆ ಬಿಳಿ ಪದರ, ಒದ್ದೆ ಬೂದಿಯ ವಾಸನೆ. ಕಣ್ಣಲ್ಲಿ ನೀರು ಬಂತು.

“ಯಾಕೆ ರೀ? ಕಾಲು ಕೊಳೀತಾ ಇರೋದು ಕಾಣಿಸಲ್ವಾ?”

“ಕಾಣಿಸುತ್ತೆ. ಬೆಳಗ್ಗೆ ಎದ್ದ ಕೂಡಲೇ ಬಿಟ್ಟುಬಿಟ್ಟಿರ್ತೀನಿ. ನಿಜವಾಗ್ಲೂ. ಮೂರು ಗಂಟೆ ಆಗೋ ಹೊತ್ತಿಗೆ, ಬೆಳಗ್ಗೆ ಬಿಟ್ಟವನು ಬೇರೆ ಯಾರೋ, ನಂಗೂ ಅವನಿಗೂ ಸಂಬಂಧ ಇಲ್ಲ ಅನ್ಸುತ್ತೆ. ಕಾಲು ಉರಿಯುತ್ತೆ. ಎರಡು ಎಳೆದ್ರೆ ಉರಿ ಮರೆಯುತ್ತೆ.”

“ಉರಿ ತರೋದೇ ಅದು.”

“ಗೊತ್ತು ಕಣೇ.”

ಗೊತ್ತಿದ್ದೂ ಸೇದುವವನಿಗೆ ಏನು ಹೇಳುವುದು? ಸಿಟ್ಟು ಬಂದಿದ್ದರೆ ಬೈಯಬಹುದಿತ್ತು. ಬಂದದ್ದು ಓಕರಿಕೆ. ಮೂರು ಗಂಟೆಯ ಡೆಲಿವರಿ ನಿಲ್ಲಿಸಿದೆ. ಗಿರಾಕಿಗಳೇ ಬಂದು ಒಯ್ಯಲಿ.

ಏಪ್ರಿಲ್ 21, ಸೋಮವಾರ

ಆರು ದಿನ ಬಾಯಲ್ಲಿ ಹಲ್ಲಿನ ಪೇಸ್ಟು, ಚಹಾ, ಇವರದೇ ಹುಳಿ ವಾಸನೆ, ಅಷ್ಟೆ. ಇವತ್ತು ಬೆಳಗ್ಗೆ ನಾನು ಹತ್ತಿರ ಹೋಗುವ ಮೊದಲೇ, “ಇವತ್ತು ಮೂಸ್ಬೇಡ. ಸೇದಿದೀನಿ. ಒಂದು,” ಅಂದರು.

ಆದರೂ ಮೂಸಿದೆ. ಒಂದೇ.

ಪಾದ ಹಿಮ್ಮಡಿಯವರೆಗೆ ಕಪ್ಪಾಗಿದೆ. ಪಟ್ಟಿಯನ್ನು ಈಗ ನಾನೇ ಕಟ್ಟುತ್ತೇನೆ. ನರ್ಸ್ ತುಂಬ ಬಿಗಿಯಾಗಿ ಕಟ್ಟುತ್ತಾಳೆ.

ಏಪ್ರಿಲ್ 28, ಸೋಮವಾರ

ಮೊಣಕಾಲಿನ ಕೆಳಗೆ ತೆಗೆದರು.

ಒಪ್ಪಿಗೆ ಪತ್ರಕ್ಕೆ ನಾನೂ ಸಹಿ ಹಾಕಬೇಕಿತ್ತು. ಹಾಕುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ಆ ಕಾಲನ್ನು ಏನು ಮಾಡುತ್ತಾರೆ ಅಂತ. ಸುಡುತ್ತಾರಂತೆ. ಇವರಿಗೆ ಅರಿವಳಿಕೆ ಕೊಡುತ್ತಿದ್ದಾಗ ನಾನು ಅದನ್ನು ಕೇಳುತ್ತಾ ನಿಂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಡಾಕ್ಟರಮ್ಮ ಹೊರಗೆ ಬಂದು, “ಬಲಗಾಲಿನಲ್ಲಿ ಇನ್ನೂ ನಾಡಿ ಸಿಗ್ತಾ ಇದೆ. ಸಣ್ಣಗೆ. ಅದನ್ನ ಉಳಿಸ್ಕೊಳ್ಳಿ,” ಅಂದರು. ಯಾರಿಗೆ ಹೇಳಿದರು? ನನಗೋ?

ಮೇ 2, ಶುಕ್ರವಾರ

ಅಂಗಡಿ ನಾನೊಬ್ಬಳೇ. ಇಸ್ತ್ರಿ ನನ್ನ ಕೈಗೆ ಬಗ್ಗುವುದಿಲ್ಲ. ವಕೀಲರ ಪ್ಯಾಂಟಿಗೆ ಎರಡೆರಡು ಗೆರೆ ಬಿದ್ದವು.

“ಯಜಮಾನ್ರು ಎಲ್ಲಮ್ಮಾ? ರೈಲು ಹಳಿ ಥರ ಇದೆಯಲ್ಲ ಇದು,” ಅಂದರು ವಕೀಲರು.

“ರಜೆ,” ಅಂದೆ.

ಹಿಂದಿನ ಕೋಣೆಯಲ್ಲಿ ಉಳಿದುಹೋದ ಒಂದು ಗುರುತಿನ ಚೀಟಿ ಕಂಡೆ. ಆ ದುಂಡು ಅಕ್ಷರ. ಕೂತುಕೊಂಡು ಅತ್ತೆ. ಯಾಕೆಂದು ತಿಳಿಯದು, ಸುಸ್ತಾಗಿತ್ತು.

ಮೇ 6, ಮಂಗಳವಾರ

ಹನ್ನೊಂದು ಗಂಟೆಗೆ ವಾರ್ಡಿಗೆ ಹೋದರೆ ಹಾಸಿಗೆ ಖಾಲಿ. ಪಕ್ಕದ ಹಾಸಿಗೆಯವನು ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದ.

ಆಸ್ಪತ್ರೆಯ ಹಿಂದೆ ಕೊಳೆಬಟ್ಟೆಯ ಚೀಲ ಪೇರಿಸುವ ಜಾಗವಿದೆ. ಅಲ್ಲಿ ಐದು ಗಾಲಿಕುರ್ಚಿಗಳು ವೃತ್ತವಾಗಿ ನಿಂತಿದ್ದವು. ಐದು ಗಂಡಸರು, ಎಲ್ಲರಿಗೂ ಸೇರಿ ಆರು ಕಾಲು. ಒಬ್ಬನ ಸಿಗರೇಟಿನ ತುದಿಯಿಂದ ಇನ್ನೊಬ್ಬ ಹಚ್ಚಿಕೊಳ್ಳುತ್ತಿದ್ದ. ಮತ್ತೊಬ್ಬನಿಗೆ ಕೈಬೆರಳುಗಳೂ ಹೋಗಿದ್ದವು, ಎರಡು ಮೊಂಡುಗಳ ನಡುವೆ ಹಿಡಿದು ಸೇದುತ್ತಿದ್ದ. ಯಾರೋ ನಗೆಚಟಾಕಿ ಹೇಳಿದರು, ಎಲ್ಲರೂ ನಕ್ಕು ಕೆಮ್ಮಿದರು, ಉಗುಳಿದರು. ನೆಲವೆಲ್ಲ ತುಂಡು ಮತ್ತು ಕಫ. ಇವರು ನಡುವೆ ಕೂತಿದ್ದರು. ಹೊಲಿಗೆ ಹಾಕಿ ಎಂಟೇ ದಿನ, ಮೊಂಡುಗಾಲಿನ ಪಟ್ಟಿಯ ಮೇಲೆ ಬೂದಿ ಬಿದ್ದಿತ್ತು.

ನನ್ನ ಜನ್ಮದಲ್ಲಿ ಅಂಥ ಹೇಸಿಗೆ ಆಗಿರಲಿಲ್ಲ. ತಿರುಗಿ ಗೇಟಿನವರೆಗೂ ಹೋದೆ. ಇನ್ನು ಈ ಮನುಷ್ಯನ ಮುಖ ನೋಡುವುದಿಲ್ಲ ಅಂದುಕೊಂಡೆ. ಗೇಟಿನ ಹತ್ತಿರ ನಿಂತೆ. ಆಮೇಲೆ ವಾಪಸ್ ಹೋದೆ.

ನನ್ನನ್ನು ಕಂಡು ಉಳಿದವರು ಸಿಗರೇಟು ಮರೆಮಾಡಿದರು. ಇವರು ಅವಿತಿಡಲಿಲ್ಲ. ಬಾಯಲ್ಲಿದ್ದದ್ದನ್ನು ನಾನೇ ಕಿತ್ತು ಎಸೆದೆ. ಮಡಿಲಲ್ಲಿದ್ದ ಪ್ಯಾಕೆಟ್ಟನ್ನು ಇವರು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

“ಕೊಡಿ.”

“ಆಗ್ತಿಲ್ಲ ಕಣೇ. ಕೈಗೆ ಬಿಡು ಅಂತೀನಿ. ಬಿಡ್ತಿಲ್ಲ.”

“ಆ ಕಾಲೂ ಕೊಟ್ಟುಬಿಡ್ತೀರಾ?”

“ನಾಳೆ ಏನ್ ಮಾಡ್ತೀನೋ ನಂಗೇ ಗೊತ್ತಿಲ್ಲ. ಆಣೆಗೀಣೆ ಕೇಳ್ಬೇಡ.”

“ನಾಳೇದು ಯಾರು ಕೇಳಿದ್ರು? ಇದೊಂದು ಪ್ಯಾಕೆಟ್ಟು ಬಿಡಿ.”

ನೆಲದ ಮೇಲೆ ಮಂಡಿಯೂರಿದೆ. ಎಂಥ ನೆಲ ಅದು, ಆಗ ತೋಚಲಿಲ್ಲ. ಮುಷ್ಟಿ ಹಿಡಿದು ಬೆರಳುಗಳನ್ನು ಬಿಡಿಸಲು ಶುರುಮಾಡಿದೆ. ಕಿರುಬೆರಳು ಸುಲಭವಾಗಿ ಬಂತು. ಉಂಗುರದ ಬೆರಳು ಬರಲಿಲ್ಲ, ಉಗುರು ಹಾಕಿ ಎಳೆದೆ. ಮಧ್ಯದ್ದು ಬಿಡಿಸುವ ಹೊತ್ತಿಗೆ ಕಿರುಬೆರಳು ಮತ್ತೆ ಮುಚ್ಚಿಕೊಂಡಿತು, ಅದನ್ನು ನನ್ನ ಗಲ್ಲದಿಂದ ಒತ್ತಿ ಹಿಡಿದೆ. ಇವರು ಅಳುತ್ತಿದ್ದರು, ಮೂಗಿನಿಂದ ನೀರು ನನ್ನ ತಲೆಯ ಮೇಲೆ ಬೀಳುತ್ತಿತ್ತು. ತೋರುಬೆರಳನ್ನೂ ಬಿಡಿಸಿದೆ. ಹೆಬ್ಬೆರಳಿಗೆ ನನ್ನ ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಸುಮ್ಮನೆ ಹಿಡಿದುಕೊಂಡು ಕಾದೆ. ತುಂಬ ಹೊತ್ತು ಕಾದೆ. ಆ ಬೆರಳನ್ನು ಇವರೇ ಎತ್ತಿದರು.

ಬೆರಳಿಲ್ಲದ ಮನುಷ್ಯ, “ಅಮ್ಮಾ, ಅದನ್ನ ಎಸೆಯೋದಾದ್ರೆ ನಂಗೆ ಕೊಡಿ,” ಅಂದ. ಕೊಡಲಿಲ್ಲ. ಪಕ್ಕದಲ್ಲಿದ್ದ ನೀರಿನ ಬಕೆಟ್ಟಿಗೆ ಹಾಕಿ, ಪೂರ್ತಿ ನೆನೆಯುವವರೆಗೆ ಕೈಯಲ್ಲೇ ಅದುಮಿ ಹಿಡಿದಿದ್ದೆ. ಆಮೇಲೆ ಕುರ್ಚಿ ತಳ್ಳಿಕೊಂಡು ವಾರ್ಡಿಗೆ ಹೋದೆವು. ಇಳಿಜಾರು ಹತ್ತುವಾಗ ಭಾರವಾಯಿತು. ಇವರು ಎರಡೂ ಕೈಯಿಂದ ಗಾಲಿ ತಿರುಗಿಸಿದರು.